ಬಾಯಾರ ‘ಆತು’

ಬಾಯಾರು ತೀರಿಕೊಂಡ ಮೇಲೆ ಧಾರವಾಡದಲ್ಲಿ ಒಂದು ಸಣ್ಣ ಸಭೆ ಮಾಡಿದರು. ಅವರ ಹತ್ತಿರ ಟೈಪಿಂಗ್ ಕಲಿತವರೇ ಕೂಡಿ ಮಾಡಿದ ಸಭೆ. ಒಬ್ಬೊಬ್ಬರೇ ಎದ್ದು ನಿಂತು ಅವರದು ಹೂವಿನಂಥ ಮನಸ್ಸು ಎಂದರು, ಬಾಯಿ ತೆಗೆದರೆ ಜೇನು ಎಂದರು, ತಾಯಿಯ ಸಮಾನ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ, ಬೇರೆ ಯಾರದೋ ಸಭೆಗೆ ಬಂದು ಕೂತಿದ್ದೇನೇನೋ ಎಂಬ ಅನುಮಾನ ಬಂತು. ಎದ್ದು ಹೋಗಿ ಫೋಟೊ ನೋಡಿ ಬಂದೆ. ಅವರೇ. ಹಾರದ ಒಳಗಿನಿಂದ, ಹುಬ್ಬು ಗಂಟಿಕ್ಕಿಕೊಂಡು, ಫೋಟೊ ತೆಗೆದವನ ಕಡೆಗೇ ಸಿಟ್ಟಿನಿಂದ ನೋಡುತ್ತಿದ್ದರು.

ಸತ್ತವರ ಬಗ್ಗೆ ಸುಳ್ಳು ಹೇಳುವುದು ನಮ್ಮಲ್ಲಿ ರೂಢಿ, ಇರಲಿ. ಆದರೆ ನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಬೈಸಿಕೊಂಡವನು ನಾನು. ಬೈಸಿಕೊಂಡವನಿಗೂ ಒಂದು ಹಕ್ಕು ಇರುತ್ತದೆ. ಅದನ್ನು ಇಲ್ಲಿ ಚಲಾಯಿಸುತ್ತಿದ್ದೇನೆ.

ಬಾಯಾರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ರೀತಿ. ಅವರಿಗೆ ಬೇರೆ ಹೆಸರೂ ಇತ್ತು, ಹಾಜರಿ ಪುಸ್ತಕದಲ್ಲಿ. ಅದನ್ನು ಬಳಸುವ ಧೈರ್ಯ ಕಂಪನಿಯ ಮಾಲೀಕರಿಗೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಅವರು ಧಾರವಾಡದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಹತ್ತು ಮಶೀನು, ಬೆಳಗಿನಿಂದ ಸಂಜೆಯವರೆಗೆ ಬ್ಯಾಚುಗಳು. ದಶಕ ಮುಗಿಯುವ ಹೊತ್ತಿಗೆ ಊರಿನ ಮೂಲೆ ಮೂಲೆಗೆ ಕಂಪ್ಯೂಟರ್ ಕ್ಲಾಸುಗಳು ಬಂದವು, ಬಾಯಾರ ಮಶೀನುಗಳ ಮೇಲೆ ಧೂಳು ಬಂತು. ಒಂಬತ್ತು ಮಶೀನು ಕೊಟ್ಟುಬಿಟ್ಟು, ಹತ್ತನೆಯದನ್ನು ಆಟೋದಲ್ಲಿ ಹೇರಿಕೊಂಡು ಹುಬ್ಬಳ್ಳಿಯ ನಮ್ಮ ಆಫೀಸಿಗೆ ಕೆಲಸಕ್ಕೆ ಬಂದರು. ಯಾಕೆ ಬಂದಿರಿ ಎಂದು ಯಾರೋ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಆಫೀಸಿನಲ್ಲಿ ಬಹಳ ದಿನ ಓಡಾಡಿತು: “ಕಂಪ್ಯೂಟರ್ ನನ್ನ ಸಾಲಿ ಮುಚ್ಚಿಸ್ತು. ಹಂಗಾರ ಅದರ ಮನಿಯಾಗ ಹೋಗಿ ಕುಂದ್ರತೇನಿ ಅಂತ ಬಂದೆ.”

ಆಫೀಸು ಎಂದರೆ ವಿದ್ಯಾನಗರದಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಾಳಿಗೆ. ನಮ್ಮ ಮಾಲೀಕರು ಮೊದಲು ತಕ್ಕಡಿ ರಿಪೇರಿ ಮಾಡಿಸುತ್ತಿದ್ದವರು. ತಕ್ಕಡಿಗೆ ಕಂಪ್ಯೂಟರ್ ಜೋಡಿಸಿದರೆ ಹೇಗೆ ಎಂದು ಅವರಿಗೆ ಹೊಳೆದದ್ದರಿಂದ ನಾವು ಆರು ಜನ ಎಂಜಿನಿಯರುಗಳಿಗೆ ಕೆಲಸ ಸಿಕ್ಕಿತ್ತು. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ನಮ್ಮ ಸಾಫ್ಟ್‌ವೇರು ಓಡುತ್ತಿದ್ದದ್ದು ಲಾರಿ ಕಾಟಾಗಳಲ್ಲಿ. ಹೆದ್ದಾರಿಯ ಬದಿಗೆ ಕಬ್ಬಿಣದ ದೊಡ್ಡ ಹಲಗೆ ಹಾಸಿರುತ್ತಾರಲ್ಲ, ಅದರ ಮೇಲೆ ತುಂಬಿದ ಲಾರಿ ನಿಲ್ಲಿಸಿ ಒಂದು ತೂಕ, ಖಾಲಿ ಲಾರಿ ನಿಲ್ಲಿಸಿ ಇನ್ನೊಂದು ತೂಕ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮಾಲಿನ ತೂಕ. ಇಷ್ಟೇ. ಮೂರನೇ ಇಯತ್ತೆಯ ಲೆಕ್ಕ. ಅದಕ್ಕೆ ಆರು ಎಂಜಿನಿಯರು ಬೇಕಾಗಿದ್ದರು.

ಆರನೆಯವನು ನಾನು. ಉಪ್ಪಿನಬೆಟಗೇರಿಯವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ, ಅದರ ಮೇಲೆ ಎಂಸಿಎ ಬೇರೆ. ಇದನ್ನು ಈಗಲೂ ಹೇಳಿಕೊಳ್ಳುತ್ತೇನೆ, ಆಗಂತೂ ಕೇಳದವರಿಗೂ ಹೇಳುತ್ತಿದ್ದೆ. ದೊಡ್ಡಪ್ಪನ ಗಿರಣಿಯ ಪಟ್ಟಿ ಬಡಿಯುವ ಸದ್ದಿನಲ್ಲಿ ಕೂತು ಓದಿ, ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದ ಡಿಗ್ರಿ ಅದು. ಸುಮ್ಮನೆ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಯಾರಿಗೂ ಹೇಳಿದೆ, ನಮ್ಮ ಮನೆತನದಲ್ಲಿ ನಾನೇ ಮೊದಲನೇ ಗ್ರ್ಯಾಜುಯೇಟ್ ಎಂದು. ಅವರು ನನ್ನ ಮುಖ ನೋಡಲಿಲ್ಲ, ಕೀಬೋರ್ಡಿನ ಮೇಲಿದ್ದ ನನ್ನ ಕೈ ನೋಡಿದರು.

“ಛಲೋ ಆತು,” ಎಂದರು. “ಎರಡನೆಯಾವ ಹತ್ತೂ ಬೆರಳು ಬಳಸತಾನ.”

ನಾನು ಎರಡು ತೋರುಬೆರಳಿನಿಂದ ಟೈಪ್ ಮಾಡುತ್ತಿದ್ದೆ. ಆರೂ ಜನ ಹಾಗೇ ಮಾಡುತ್ತಿದ್ದೆವು. ಅದನ್ನು ನೋಡುವುದು ಬಾಯಾರಿಗೆ ಪ್ರತಿದಿನದ ಶಿಕ್ಷೆಯಾಗಿತ್ತು. ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕುತ್ತೀರಿ, ಉಳಿದ ಎಂಟು ಬೆರಳು ಮದುವೆಗೆ ಹೋಗಿವೆಯೋ ಎಂದು ಕೇಳುವರು. ಅವರು ಟೈಪ್ ಮಾಡುವಾಗ ಮೇಜು ಅಲುಗುತ್ತಿತ್ತು. ಕರೆಂಟು ಹೋದರೆ ನಾವೆಲ್ಲ ಕೈ ಎತ್ತಿ ಕೂರುತ್ತಿದ್ದೆವು. ಬಾಯಾರು ಮಾತ್ರ ಕಪ್ಪಾದ ಪರದೆಯ ಮುಂದೆ ಹಿಡಿದ ವಾಕ್ಯ ಮುಗಿಸಿಯೇ ಕೈ ತೆಗೆಯುತ್ತಿದ್ದರು. ಅರ್ಧಕ್ಕೆ ನಿಲ್ಲುವುದು ಬೆರಳಿಗೆ ಗೊತ್ತಿಲ್ಲ ಎನ್ನುವರು. ಕರೆಂಟು ಬಂದ ಮೇಲೆ ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಟೈಪ್ ಮಾಡುವರು. ಇದರಲ್ಲಿ ಲಾಭವೇನೆಂದು ಕೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರ ಕೆಲಸ ಬಿಲ್ಡ್ ಮಾಡುವುದು. ಆರು ಜನ ಬರೆದ ಆರು ತುಂಡು ಕೋಡನ್ನು ಒಂದೆಡೆ ಸೇರಿಸಿ, ಕಾಟಾದ ಕಂಪ್ಯೂಟರಿನಲ್ಲಿ ಓಡುವ ಒಂದೇ ಸಾಫ್ಟ್‌ವೇರನ್ನಾಗಿ ಮಾಡಬೇಕು. ಬಾಯಾರು ಅದಕ್ಕೆ ‘ಕಟ್ಟೋದು’ ಎನ್ನುತ್ತಿದ್ದರು. ಕೋಡ್ ಇಡುವ ರಿಪಾಸಿಟರಿಗೆ ಅವರ ಹೆಸರು ‘ಕಪಾಟು’. ನಾವೆಲ್ಲ ನಮ್ಮ ಕೋಡನ್ನು ಕಪಾಟಿನಲ್ಲಿ ಇಡಬೇಕು, ಶನಿವಾರ ಅವರು ಅದನ್ನು ತೆಗೆದು ಕಟ್ಟಬೇಕು. ಕಟ್ಟುವಾಗ ಬಂದ ತಪ್ಪುಗಳನ್ನು ಅವರು ಹಾಜರಿ ಕರೆದಂತೆ ಗಟ್ಟಿಯಾಗಿ ಓದುತ್ತಿದ್ದರು. ಇಂಥವನ ನೂರಾ ನಲವತ್ತೆರಡನೇ ಸಾಲಿನಲ್ಲಿ ಸೆಮಿಕೋಲನ್ ಇಲ್ಲ, ಇಂಥವನು ತೆರೆದ ಕಂಸ ಇನ್ನೂ ಮುಚ್ಚಿಲ್ಲ. ಹೆಸರು ಬಂದವನು ಎದ್ದು ನಿಲ್ಲಬೇಕೆಂಬ ನಿಯಮವೇನೂ ಇರಲಿಲ್ಲ. ಎಲ್ಲರೂ ನಿಲ್ಲುತ್ತಿದ್ದೆವು.

ಕೆಡಿಸಿದವನಿಗೆ ಒಂದು ದಂಡವೂ ಇತ್ತು. ಮೂಲೆಯಲ್ಲಿದ್ದ ಅವರ ಹತ್ತನೆಯ ಟೈಪ್‌ರೈಟರಿನ ಮುಂದೆ ಕೂತು, ‘ನಾನು ನೋಡದೆ ಇಟ್ಟೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಸಲ ತಪ್ಪಿಲ್ಲದೆ ಟೈಪ್ ಮಾಡಬೇಕು. ಒಂದು ಅಕ್ಷರ ತಪ್ಪಿದರೆ ಹೊಸ ಹಾಳೆ. ಮೊದಲ ಸಲ ನನಗೆ ಹದಿನಾಲ್ಕು ಹಾಳೆ ಬೇಕಾಯಿತು. ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ಬಂದು, ಏನು ನಡೆದಿದೆ, ಯಾರಾದರೂ ಬಡಗಿಯನ್ನು ಇಟ್ಟುಕೊಂಡಿದ್ದೀರಾ ಎಂದು ಕೇಳಿ ಹೋದ.

ಶನಿವಾರದ ಪದ್ಧತಿ ಬಹಳ ದಿನ ನಡೆಯಲಿಲ್ಲ. ಗಿರಾಕಿಗಳು ಹೆಚ್ಚಾದರು, ನಮಗೆ ಅವಸರ ಹೆಚ್ಚಾಯಿತು. ಬುಧವಾರ ಒಬ್ಬ, ಗುರುವಾರ ಇಬ್ಬರು ಅವರ ಕುರ್ಚಿಯ ಹಿಂದೆ ಹೋಗಿ ನಿಂತು, ಬಾಯಾರ, ನಂದೊಂದು ಕಟ್ಟಿ ಕೊಡ್ರಿ ಎನ್ನತೊಡಗಿದೆವು. ಒಂದು ದಿನ ಮೂವರು ಸಾಲಾಗಿ ನಿಂತಿದ್ದಾಗ ಅವರು ಕುರ್ಚಿ ತಿರುಗಿಸಿದರು.

“ನಾ ಏನು ನಿಮಗ ಬುತ್ತಿ ಕಟ್ಟಿ ಕೊಡಾಕ ಕುಂತೇನಿ?”

ಮರುದಿನದಿಂದ ಅವರ ಮೇಜಿನ ಮೇಲೆ ದಪ್ಪದೊಂದು ಇಂಗ್ಲಿಷ್ ಪುಸ್ತಕ ಕಾಣಿಸಿಕೊಂಡಿತು. ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಹಳೆಯ ಪೇಪರಿನ ರಟ್ಟು ಹಾಕಿದ್ದರು. ಬಾಯಾರು ಕಲಿತದ್ದು ಪಿಯುಸಿ, ಮೇಲೆ ಟೈಪಿಂಗು, ಶಾರ್ಟ್‌ಹ್ಯಾಂಡು. ಎಂಸಿಎ ಮಾಡಿದ ನನ್ನನ್ನಾಗಲಿ, ಬಿಇ ಮಾಡಿದ ಉಳಿದವರನ್ನಾಗಲಿ ಒಂದು ಮಾತು ಕೇಳಲಿಲ್ಲ. ಧಾರವಾಡದಿಂದ ಬರುವ ಬಸ್ಸಿನಲ್ಲಿ ಓದುತ್ತಿದ್ದರು, ಹೋಗುವ ಬಸ್ಸಿನಲ್ಲಿ ಓದುತ್ತಿದ್ದರು. ಮೂರು ವಾರಕ್ಕೆ, ಕಂಪ್ಯೂಟರಿಗೆ ಆಜ್ಞೆ ಕೊಡುವ ಹದಿನೇಳು ಸಾಲಿನ ಒಂದು ಸ್ಕ್ರಿಪ್ಟ್ ಬರೆದರು. ಅಂದಿನಿಂದ, ಯಾರಾದರೂ ಕಪಾಟಿನಲ್ಲಿ ಕೋಡ್ ಇಟ್ಟರೆ ಸಾಕು, ಸರ್ವರು ಎಂಬ ಆಫೀಸಿನ ದೊಡ್ಡ ಕಂಪ್ಯೂಟರು ತಾನಾಗಿ ಎದ್ದು ಕಟ್ಟಲು ಶುರು ಮಾಡುತ್ತಿತ್ತು. ಕಟ್ಟಿ ಮುಗಿದರೆ ಬಾಯಾರ ಪಕ್ಕದ ಪ್ರಿಂಟರು ಕರ್ರೆಂದು ಒಂದು ಚೀಟಿ ಹೊಡೆಯುತ್ತಿತ್ತು. ಕೆಟ್ಟರೂ ಹೊಡೆಯುತ್ತಿತ್ತು, ಹೆಸರು ಸಮೇತ.

ಇವತ್ತು ನನ್ನ ಕೈಕೆಳಗಿನ ಹುಡುಗರು ಕೋಡ್ ಪುಶ್ ಮಾಡಿದೊಡನೆ ಎಲ್ಲೋ ದೂರದ ಯಂತ್ರದಲ್ಲಿ ಬಿಲ್ಡ್ ತಾನಾಗಿ ನಡೆಯುತ್ತದೆ. ಹಸಿರು ಗುರುತು ಬಂದರೆ ಚಹಾಕ್ಕೆ ಹೋಗುತ್ತಾರೆ, ಕೆಂಪು ಬಂದರೂ ಚಹಾಕ್ಕೆ ಹೋಗುತ್ತಾರೆ. ಇದನ್ನು ಅವರಿಗೆ ದೊಡ್ಡ ಕಂಪನಿಗಳು ಕೊಟ್ಟಿವೆ. ನನಗೆ ಕೊಟ್ಟವರು ಬಾಯಾರು, ಹುಬ್ಬಳ್ಳಿಯಲ್ಲಿ, ಸೈಕಲ್ ಅಂಗಡಿಯ ಮೇಲೆ, ನಮ್ಮ ಮುಖ ನೋಡುವುದು ಬೇಡವೆಂಬ ಒಂದೇ ಕಾರಣಕ್ಕೆ.

ಆದರೆ ಶುರುವಿಗೇ ಒಂದು ತೊಡಕು ಬಂತು. ನಮ್ಮ ಸರ್ವರು ಮುದುಕ. ಒಂದು ಸಲ ಕಟ್ಟಲು ಇಪ್ಪತ್ತು ನಿಮಿಷ. ನಾವೋ, ಕರೆಂಟು ಹೋದರೆ ಬರೆದದ್ದು ಹೋದೀತೆಂಬ ಭಯಕ್ಕೆ ಅರ್ಧಂಬರ್ಧ ಕೆಲಸವನ್ನೂ ಹತ್ತು ನಿಮಿಷಕ್ಕೊಮ್ಮೆ ಕಪಾಟಿಗೆ ತುರುಕುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಸರ್ವರು ಏದುಸಿರು ಬಿಡುತ್ತಿತ್ತು. ಆಗ ಬಾಯಾರು ಹದಿನೆಂಟನೆಯ ಸಾಲು ಬರೆದರು. ಕೋಡ್ ಇಡುವಾಗ ಜೊತೆಗೊಂದು ಟಿಪ್ಪಣಿ ಬರೆಯಬೇಕಾಗುತ್ತದೆ. ಕೆಲಸ ಪೂರ್ತಿ ಮುಗಿದಿದ್ದರೆ ಆ ಟಿಪ್ಪಣಿಯಲ್ಲಿ ‘ಆತು’ ಎಂದು ಬರೆಯಬೇಕು. ಆ ಪದ ಕಂಡರೆ ಮಾತ್ರ ಸರ್ವರು ಕಟ್ಟುತ್ತದೆ, ಕಾಣದಿದ್ದರೆ ಸುಮ್ಮನಿರುತ್ತದೆ. ಟಿಪ್ಪಣಿಗಳೂ ಕನ್ನಡದಲ್ಲೇ ಇರಬೇಕು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಅಡ್ಡಿಯಿಲ್ಲ ಎಂದರು. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ಸಸಾರ, ಕನ್ನಡದಲ್ಲಿ ಹೇಳುವಾಗ ನಾಲಿಗೆ ತಡೆಯುತ್ತದೆ ಎಂಬುದು ಅವರ ವಾದ.

ಇನ್ನೊಂದನ್ನೂ ಸೇರಿಸಿದ್ದರು. ಗಬ್ಬೂರಿನ ಬೈಪಾಸಿನಲ್ಲಿದ್ದ ಒಂದು ಕಾಟಾದವರು ನಮ್ಮ ಹೊಸ ಸಾಫ್ಟ್‌ವೇರನ್ನು ಮೊದಲು ತಮ್ಮಲ್ಲಿ ಓಡಿಸಿ ನೋಡಲು ಒಪ್ಪಿದ್ದರು. ಅಲ್ಲಿಗೆ ಫ್ಲಾಪಿ ಒಯ್ದರೆ ದಾರಿಯ ಧೂಳಿಗೇ ಅದು ಕೆಡುತ್ತಿತ್ತು. ಅದಕ್ಕೆ, ಕಟ್ಟಿ ಮುಗಿದೊಡನೆ ಸರ್ವರೇ ಫೋನು ಹಚ್ಚಿ ಹೊಸದನ್ನು ಗಬ್ಬೂರಿನ ಕಂಪ್ಯೂಟರಿಗೆ ಕಳಿಸಿಬಿಡುತ್ತಿತ್ತು. ಅಲ್ಲಿಯವರು ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೆ ಹೊಸದು ಓಡುತ್ತದೆ. ಹೀಗೆ ಮೂರು ತಿಂಗಳು ಒಂದೂ ತಪ್ಪಿಲ್ಲದೆ ನಡೆಯಿತು. ಬಾಯಾರ ಮುಖದಲ್ಲಿ ನಗುವಿಗೆ ಹತ್ತಿರದ ಏನೋ ಒಂದು ಆಗಾಗ ಬಂದು ಹೋಗುತ್ತಿತ್ತು.

ನನ್ನ ಸಂಗತಿ ಬೇರೆಯೇ ಇತ್ತು. ನಾನಿನ್ನೂ ಕಾಯಂ ಆಗಿರಲಿಲ್ಲ. ನನ್ನನ್ನು ಓದಿಸಿದವನು ನನ್ನ ದೊಡ್ಡಪ್ಪ. ಉಪ್ಪಿನಬೆಟಗೇರಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಗಂಡುಮಕ್ಕಳಿಲ್ಲದ ಅವನಿಗೆ ಆ ಗಿರಣಿ ಯಾರ ಕೈಗೆ ಎಂಬ ಚಿಂತೆ. ನಾನು ಕೆಲಸಕ್ಕೆ ಸೇರಿದ ದಿನ ಅಪ್ಪನ ಎದುರಿಗೇ ಕರಾರು ಹಾಕಿದ್ದ: “ಆರು ತಿಂಗಳು ನೋಡೂಣು. ಕಾಯಂ ಪತ್ರ ಬಂದ್ರ ಛಲೋ. ಬರಲಿಲ್ಲಂದ್ರ ಬಂದು ಗಿರಣ್ಯಾಗ ಕುಂದ್ರು.” ಅಪ್ಪ ಹೂಂ ಎಂದಿದ್ದ. ಗಿರಣಿ ಕೆಟ್ಟದೆಂದು ನಾನು ಹೇಳುವುದಿಲ್ಲ, ಅದರ ಹಿಟ್ಟು ತಿಂದೇ ಓದಿದವನು. ಆದರೆ ಫೇಲಾಗಿ ಫೇಲಾಗಿ ಪಾಸಾದದ್ದು ಜೋಳ ಬೀಸುವುದಕ್ಕಲ್ಲ. ಆರು ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು.

ಆಗ ನನ್ನ ಕೈಯಲ್ಲಿದ್ದ ಕೆಲಸ ಇದು. ಕಾಟಾಕ್ಕೆ ಎಲ್ಲ ಲಾರಿಗಳೂ ಮೊದಲು ತುಂಬಿಕೊಂಡು ಬರುವುದಿಲ್ಲ. ಕೆಲವು ಮೊದಲು ಖಾಲಿ ಬಂದು ತೂಗಿಸಿ, ಮಾಲು ತುಂಬಿಕೊಂಡು ಆಮೇಲೆ ಬರುತ್ತವೆ. ಅಂಥವಕ್ಕೂ ಲೆಕ್ಕ ಸರಿಯಾಗಬೇಕು. ನಾನು ಕಳೆಯುವ ಲೆಕ್ಕವನ್ನು ತಿರುವಿ ಹಾಕಿದ್ದೆ, ಯಾವ ಲಾರಿಗೆ ತಿರುವಬೇಕು, ಯಾವುದಕ್ಕೆ ಬೇಡ ಎಂಬುದನ್ನು ಇನ್ನೂ ಬರೆದಿರಲಿಲ್ಲ. ಯಾವ ಲಾರಿ ಯಾವ ಬಗೆಯದೆಂದು ಕಾಟಾದವರು ಗುಂಡಿ ಒತ್ತಿ ಹೇಳಬೇಕೋ, ಸಾಫ್ಟ್‌ವೇರೇ ತಿಳಿದುಕೊಳ್ಳಬೇಕೋ ಎಂದು ಸಾಹೇಬರನ್ನು ಕೇಳಿದ್ದೆ. ಊಟ ಆದ ಮೇಲೆ ಹೇಳುತ್ತೇನೆ ಎಂದಿದ್ದರು. ಹನ್ನೆರಡಕ್ಕೆ ಕರೆಂಟು ಹೋಗುವ ಸರದಿ ಇತ್ತು. ಅರ್ಧ ಗಂಟೆ ಮೊದಲೇ ಇದ್ದಷ್ಟನ್ನು ಕಪಾಟಿನಲ್ಲಿಟ್ಟು, ‘ಸಾಹೇಬರ ಜೋಡಿ ಮಾತು ಮುಗಿದಿಲ್ಲ, ಅರ್ಧ ಐತಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟಿಪ್ಪಣಿ ಹಾಕಿ, ಗಿರ್ಮಿಟ್ ತಿನ್ನಲು ಕೆಳಗಿಳಿದು ಹೋದೆ. ನನ್ನ ಹಿಂದೆ ಪ್ರಿಂಟರು ಕರ್ರೆಂದದ್ದು ನನಗೆ ಕೇಳಿಸಲಿಲ್ಲ. ಗಿರ್ಮಿಟ್ ಛಲೋ ಇತ್ತು ಎಂಬುದೊಂದೇ ಆ ದಿನದ ಒಳ್ಳೆಯ ನೆನಪು.

ಎರಡೂವರೆಗೆ ಬಾಯಾರ ಮೇಜಿನ ಫೋನು ಬಡಿಯಿತು. ಆ ಫೋನಿನಲ್ಲಿ ಆಡಿದ ಮಾತು ಮೂರು ಮೇಜಿನವರೆಗೆ ಕೇಳುತ್ತಿತ್ತು. ಗಬ್ಬೂರಿನ ಕಾಟಾದ ಮಾಲೀಕ. ಹಿಂದಿನಿಂದ ಲಾರಿಗಳ ಹಾರ್ನ್ ಒಂದರ ಮೇಲೊಂದು.

“ಬಾಯಾರ, ನಿಮ್ಮ ಹೊಸಾದು ಬಂದೈತ್ರಿ. ಛಲೋ ಐತಿ. ಮೆಣಸಿನಕಾಯಿ ಲಾರಿ ಒಂದು ಕಾಟಾ ಮ್ಯಾಲೆ ನಿಂತೈತಿ. ಮಾಲಿನ ತೂಕ ಮೈನಸ್ ಒಂಬತ್ತು ಟನ್ ಅಂತ ಚೀಟಿ ಕೊಟ್ಟೈತಿ. ಡ್ರೈವರ್ ಕೇಳಾಕತ್ತಾನ, ಓಡಿಸಿಕೊಂಡು ಹೋಗಲ್ಯೋ, ಹಾರಿಸಿಕೊಂಡು ಹೋಗಲ್ಯೋ ಅಂತ.”

ಆ ಡ್ರೈವರು ಸರಿಯಾದ ಚೀಟಿ ಕೊಡದೆ ಹಲಗೆಯ ಮೇಲಿಂದ ಲಾರಿ ತೆಗೆಯುವುದಿಲ್ಲವೆಂದು ಪಟ್ಟು ಹಿಡಿದಿದ್ದ. ಅವನ ಹಿಂದಿನ ಸಾಲು ಬೈಪಾಸಿನವರೆಗೆ ಬೆಳೆದಿತ್ತು. ಬಾಯಾರು ಗಾಬರಿಯಾಗಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲಿ ಅವರು ಎರಡು ಫೋಲ್ಡರ್ ಇಟ್ಟಿದ್ದರು, ಒಂದರ ಹೆಸರು ‘ಇವತ್ತು’, ಇನ್ನೊಂದರ ಹೆಸರು ‘ನಿನ್ನಿ’. ಹೊಸದು ‘ಇವತ್ತು’ವಿಗೆ ಬಂದಾಗ ಹಳೆಯದು ತಾನಾಗಿ ‘ನಿನ್ನಿ’ಗೆ ಹೋಗುತ್ತಿತ್ತು. ನಿನ್ನಿ ಚಾಲೂ ಮಾಡಿರಿ ಎಂದು ಹೇಳಿ, ಯಾವ ಗುಂಡಿ ಒತ್ತಬೇಕೆಂದು ಒಂದೊಂದಾಗಿ ಹೇಳಿಕೊಟ್ಟರು. ಐದು ನಿಮಿಷಕ್ಕೆ ಮೆಣಸಿನಕಾಯಿ ಭೂಮಿಗೆ ಇಳಿಯಿತು. ಫೋನು ಇಡುವ ಮುಂಚೆ ಆ ಮನುಷ್ಯ, ಬಾಯಾರ, ನಾಳೆ ಅಂಬೋದು ಏನರ ಇಟ್ಟೀರೇನು ಎಂದು ಕೇಳಿದ.

“ನಾಳೀದು ಎಂಜಿನಿಯರ್‌ಗೋಳ ಕಡೆ ಐತ್ರಿ,” ಎಂದರು ಬಾಯಾರು. “ಅದು ಬರೂದಿಲ್ಲ.”

ಫೋನು ಇಟ್ಟು ಪ್ರಿಂಟರಿನ ಚೀಟಿ ಹರಿದುಕೊಂಡು ಸೀದಾ ನನ್ನ ಮೇಜಿಗೆ ಬಂದರು.

“ಆತು ಅಂತ ಯಾಕ ಬರದಿ ತಮ್ಮಾ?”

“ನಾ ಬರದಿಲ್ರಿ ಬಾಯಾರ.”

“ಬರೀದ ಹೆಂಗ ಕಟ್ತು? ಸರ್ವರಿಗೆ ನಿನ್ನ ಮ್ಯಾಲೆ ಏನರ ಹಗೆ ಐತೇನು?”

ಬೇರೆ ದಿನವಾಗಿದ್ದರೆ ಸುಮ್ಮನೆ ಎದ್ದು ಮೂಲೆಯ ಟೈಪ್‌ರೈಟರಿನ ಕಡೆ ನಡೆಯುತ್ತಿದ್ದೆ. ಅಂದು ಹತ್ತು ದಿನ ಉಳಿದಿತ್ತು. ದನ ಹೊಡೆದ ಹಾಗೆ ಹೊಡೆಸಿಕೊಳ್ಳಲು ತಯಾರಿರಲಿಲ್ಲ. ನಾನು ಗಟ್ಟಿ ದನಿಯಲ್ಲಿ, ಅರ್ಧ ಐತಿ ಅಂತ ಬರೆದಿದ್ದೇನೆ, ನೀವೇ ಓದಿ ನೋಡಿರಿ ಎಂದೆ. ಬಾಯಾರ ಎದುರು ಆ ಮಾಳಿಗೆಯಲ್ಲಿ ಯಾರೂ ಹಾಗೆ ದನಿ ಎತ್ತಿರಲಿಲ್ಲ. ಉಳಿದ ಐದು ಜನರ ಹತ್ತು ಬೆರಳೂ ನಿಂತವು.

ಬಾಯಾರು ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದು, ನನ್ನ ಟಿಪ್ಪಣಿಯ ಕೆಳಗೆ ಒಂದೊಂದೇ ಅಕ್ಷರಕ್ಕೆ ಚುಕ್ಕೆ ಇಡುತ್ತ ಹೋದರು. ಒಂದು ಕಡೆ ಪೆನ್ಸಿಲ್ ನಿಂತಿತು. ಆಮೇಲೆ ಚೀಟಿಯನ್ನು ನನ್ನ ಕಡೆ ತಿರುಗಿಸಿ, ‘ಮಾತು’ ಎಂಬ ಪದದ ಮೊದಲಿನ ಎಂ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟರು. ಎಂ ಮುಚ್ಚಿತು. ಇಂಗ್ಲಿಷ್ ಅಕ್ಷರದಲ್ಲಿ ಉಳಿದದ್ದು aatu, ‘ಆತು’.

“ನಾ ಪದ ಹುಡುಕಂತ ಹೇಳಿಲ್ಲ,” ಎಂದರು ನಿಧಾನಕ್ಕೆ, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ. “ಅಕ್ಷರ ಹುಡುಕಂತ ಹೇಳೇನಿ. ಅದು ಹುಡುಕೇತಿ. ತಪ್ಪು ನಂದು.”

ಮೂರು ತಿಂಗಳಲ್ಲಿ ಒಬ್ಬನೂ ತನ್ನ ಟಿಪ್ಪಣಿಯಲ್ಲಿ ‘ಮಾತು’ ಎಂಬ ಪದ ಬರೆದಿರಲಿಲ್ಲ. ನಾವು ಆರೂ ಜನ ಮಾತಾಡುವವರಾಗಿದ್ದರೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಕೋಡೋ, ನನ್ನ ದುರದೃಷ್ಟಕ್ಕೆ, ಅರ್ಧವಿದ್ದರೂ ಒಂದು ತಪ್ಪು ತೋರಿಸದೆ ಸರಾಗ ಕಟ್ಟಿಕೊಂಡಿತ್ತು. ಬಾಯಾರು ನನ್ನ ಕ್ಷಮೆ ಕೇಳಲಿಲ್ಲ. ಅಂಥದ್ದನ್ನು ಅವರಿಂದ ಬಯಸುವಷ್ಟು ದಡ್ಡ ನಾನಲ್ಲ. ಎದ್ದು ಹೋಗಿ ಮೂಲೆಯ ಟೈಪ್‌ರೈಟರಿನ ಮುಂದೆ ಕೂತು, ಹಾಳೆ ಸುತ್ತಿ, ‘ನಾನು ನೋಡದೆ ಇಟ್ಟೆ’ ಎಂದು ಹತ್ತು ಸಲ ಹೊಡೆದರು. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಹಾಳೆಯನ್ನು ಗೋಡೆಯ ಬೋರ್ಡಿಗೆ, ನಮ್ಮೆಲ್ಲರ ಹಾಳೆಗಳ ಮೇಲೆ ಚುಚ್ಚಿದರು. ತಿರುಗಿ ಬರುವಾಗ, ‘ಆತುರ’ ಎಂದು ಬರೆದಿದ್ದರೂ ಕಟ್ಟುತ್ತಿತ್ತು, ಹಿಂದೆ ಮುಂದೆ ಎರಡೂ ಕಡೆ ಖಾಲಿ ಜಾಗ ನೋಡು ಅಂತ ಹೇಳಬೇಕಿತ್ತು ಎಂದು ಗೊಣಗಿಕೊಂಡರು. ನಮ್ಮಲ್ಲೊಬ್ಬ ನಕ್ಕ. ಬಾಯಾರು ಅವನ ಕಡೆ ನೋಡಿದ ನೋಟಕ್ಕೆ ಅವನು ಮರುದಿನ ರಜೆ ಹಾಕಿದ. ನನಗೆ ಹೇಳಿದ್ದಿಷ್ಟು: ಅರ್ಧ ಕೆಲಸ ಇಟ್ಟು ತಿನ್ನಲು ಹೋದದ್ದಕ್ಕೆ ನಿನಗೆ ಬೇರೆ ಬೈಯುವುದಿದೆ, ಇವತ್ತು ಪುರುಸೊತ್ತಿಲ್ಲ, ಸೋಮವಾರ ಬೈಯುತ್ತೇನೆ.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಗಬ್ಬೂರಿನಲ್ಲಿ ಮುಗಿದಿರಲಿಲ್ಲ. ಎರಡು ದಿನದಲ್ಲಿ ಡ್ರೈವರುಗಳು ಆ ಕಾಟಾಕ್ಕೆ ‘ಹಾರೂ ಕಾಟಾ’ ಎಂದು ಹೆಸರಿಟ್ಟುಬಿಟ್ಟರು. ಹುಶಾರು, ಹತ್ತಿದರೆ ಲಾರಿ ಮೇಲಕ್ಕೆ ಹೋಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿ ನಗುತ್ತ, ಪಕ್ಕದ ಇನ್ನೊಂದು ಕಾಟಾಕ್ಕೆ ಹೋಗತೊಡಗಿದರು. ಮಾಲೀಕ ಸಾಹೇಬರಿಗೆ ಫೋನು ಮಾಡಿ, ತಪ್ಪು ಯಾರದು, ಅವನ ಮೇಲೆ ಏನು ಕ್ರಮ ತೆಗೆದುಕೊಂಡಿರಿ, ನನಗೆ ಕಾಗದದ ಮೇಲೆ ಬೇಕು ಎಂದು ಹಟ ಹಿಡಿದ. ಸಾಹೇಬರು ಬಾಯಾರನ್ನು ತಮ್ಮ ಕೋಣೆಗೆ ಕರೆದರು. ಆ ಕೋಣೆಯ ಗೋಡೆ ಪ್ಲೈವುಡ್ಡಿನದು, ಅದಕ್ಕೆ ಒರಗಿದ್ದ ಮೇಜು ನನ್ನದು.

ಬಾಯಾರ ಮೇಲೆ ಆ ಮನುಷ್ಯನಿಗೆ ನಂಬಿಕೆ ಇದೆ, ಅವರ ಹೆಸರು ಹೇಳಿದರೆ ಅದೂ ಹೋಗುತ್ತದೆ, ಹೊಸ ಹುಡುಗನದು ತಪ್ಪು ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ ಎಂದು ಸಾಹೇಬರು ವಿವರಿಸುತ್ತಿದ್ದರು.

“ತಪ್ಪು ನಂದ್ರಿ,” ಎಂದರು ಬಾಯಾರು.

“ಗೊತ್ತೈತ್ರಿ ಬಾಯಾರ. ಬರಕೋರಿ.”

ಆಮೇಲೆ ಸಾಹೇಬರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ನನ್ನ ಅಜಾಗರೂಕತೆ, ಅದರಿಂದ ಗಿರಾಕಿಗೆ ಆದ ತೊಂದರೆ, ಕಾಯಂ ಮಾಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿದ್ದು, ಒಂದು ಪ್ರತಿ ಗಬ್ಬೂರಿಗೆ. ಬಾಯಾರ ಶಾರ್ಟ್‌ಹ್ಯಾಂಡ್ ಪೆನ್ಸಿಲ್ ಕಾಗದದ ಮೇಲೆ ಸರಸರ ಓಡುವುದು ಪ್ಲೈವುಡ್ಡಿನ ಈ ಕಡೆ ಕೇಳುತ್ತಿತ್ತು. ಒಂದು ಸಲವೂ ಅದು ತಡೆಯಲಿಲ್ಲ. ಬೋರ್ಡಿಗೆ ಹಾಳೆ ಚುಚ್ಚಿದ ಹೆಂಗಸು ಇವರೇನಾ ಎನ್ನಿಸಿತು. ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಇವರಿಗೆ ಬರುವುದು ಎಂದು ಮನಸ್ಸಿನಲ್ಲಿ ಬಹಳ ಕೆಟ್ಟದಾಗಿ ಬೈದೆ. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಶನಿವಾರ ಊರಿಗೆ ಹೋದೆ. ದೊಡ್ಡಪ್ಪ ಗಿರಣಿಗೆ ಕರೆದೊಯ್ದು, ಹೊಸದಾಗಿ ಹಾಕಿಸಿದ್ದ ಪಟ್ಟಿ ತೋರಿಸಿದ. ಕೈಯಿಂದ ಸವರಿ ನೋಡು ಎಂದ. ಅವನ ಮುಖದಲ್ಲಿ ನನ್ನ ಮೇಲಿನ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಸಾಹೇಬರು ಹೇಳಿದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಾಗಲಿಲ್ಲ. ಪತ್ರ ಯಾವಾಗ ಬರುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ ಸೋಮವಾರ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸೋಮವಾರ ಬಾಯಾರು ಮೊದಲು ಹೇಳಿದ ಪ್ರಕಾರ ಬೈದರು, ಹತ್ತು ನಿಮಿಷ, ನಿಂತುಕೊಂಡು. ಮುಗಿದ ಮೇಲೆ ಒಂದು ಲಕೋಟೆ ಕೊಟ್ಟರು. ನಾನು ಮೆಟ್ಟಿಲಿಗೆ ಹೋಗಿ ಒಡೆದೆ. ನನ್ನ ಇಂಗ್ಲಿಷಿನ ಮೇಲೆ ನನಗೆ ನಂಬಿಕೆ ಸಾಲದೆ ಮೂರು ಸಲ ಓದಿದೆ. ನಿಮ್ಮ ಸೇವೆಯನ್ನು ಕಾಯಂಗೊಳಿಸಲಾಗಿದೆ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಗಬ್ಬೂರಿನ ಕಾಟಾದಲ್ಲಿ ನಡೆದದ್ದು ಕಚೇರಿಯ ಸ್ಕ್ರಿಪ್ಟಿನ ದೋಷದಿಂದ, ಅದನ್ನು ಬರೆದ ಬಾಯಾರು ತಪ್ಪು ಒಪ್ಪಿಕೊಂಡಿದ್ದಾರೆ, ಅದರಲ್ಲಿ ನಿಮ್ಮ ಪಾಲಿಲ್ಲ. ಅದರ ಕೆಳಗೆ ಸಾಹೇಬರ ಸಹಿ, ಅವರದೇ ನೀಲಿ ಶಾಯಿಯಲ್ಲಿ. ಮೇಲೆ ಬಂದು, ಬಾಯಾರ, ಇದು ಹೆಂಗ ಎಂದು ಪಿಸುಗುಟ್ಟಿದೆ. ಓದಲು ಬರುತ್ತದೆಯೋ ಇಲ್ಲವೋ, ಎಂಸಿಎ ಮಾಡಿದವನಲ್ಲವೇ ಎಂದರು. ನನ್ನ ಕಡೆ ತಿರುಗಲೂ ಇಲ್ಲ.

ಗಬ್ಬೂರಿನ ಪ್ರತಿಯನ್ನು ಅವರು ತಾವೇ ಅಂಚೆಗೆ ಹಾಕಿದ್ದರು. ಬುಧವಾರ ಅಲ್ಲಿಯ ಮಾಲೀಕ ಸಾಹೇಬರಿಗೆ ಫೋನು ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಬಾಯಾರೇ ತಪ್ಪು ಮಾಡಿದ್ದಾರೆಂದರೆ ಇನ್ನು ನನ್ನ ಕಾಟಾ ಒಂದು ದಿನ ಹಾರಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ, ಆ ಕಾಗದವನ್ನು ಡ್ರೈವರುಗಳು ನೋಡಲೆಂದು ಗಾಜಿಗೆ ಅಂಟಿಸಿದ್ದೇನೆ ಎಂದನಂತೆ. ಯಾವ ಕಾಗದ ಎಂದು ಸಾಹೇಬರಿಗೆ ತಿಳಿಯಲಿಲ್ಲ. ಬಾಯಾರು ಟೈಪ್ ಮಾಡಿ ತಂದ ಪತ್ರಗಳ ಕೆಳತುದಿಯನ್ನಷ್ಟೇ ನೋಡಿ ಸಹಿ ಹಾಕುವುದು ಅವರ ಪದ್ಧತಿ. ಅವುಗಳಲ್ಲಿ ಎಂದೂ ತಪ್ಪಿರುತ್ತಿರಲಿಲ್ಲವಾದ್ದರಿಂದ ಓದುವುದು ಯಾಕೆ ಎಂದು ಅವರು ನಮ್ಮೆದುರಿಗೇ ಹೇಳುತ್ತಿದ್ದರು. ಫೈಲು ತರಿಸಿ ಆಫೀಸಿನ ಪ್ರತಿಯನ್ನು ಮೊದಲ ಸಲ ಓದಿದರು. ಅದನ್ನು ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದು ಬಾಯಾರ ಮೇಜಿನ ಮುಂದೆ ನಿಂತರು. ನಾನು ಪರದೆಯೊಳಗೆ ತಲೆ ಹುಗಿಸಿದೆ.

“ಬಾಯಾರ, ನಾ ಹಿಂಗ ಹೇಳಿದ್ನೇನ್ರಿ?”

ಬಾಯಾರು ಹಿಡಿದ ಸಾಲು ಮುಗಿಸಿದರು.

“ಇಲ್ರಿ. ನೀವು ಹೇಳಿದ್ದರಾಗ ತಪ್ಪಿತ್ತು. ತಿದ್ದೇನಿ.”

ಸಾಹೇಬರು ಕಾಗದ ನೋಡಿದರು, ಬಾಯಾರನ್ನು ನೋಡಿದರು, ಮತ್ತೆ ಕಾಗದ ನೋಡಿದರು.

“ಮತ್ತ ನನ್ನ ಸಹಿ?”

“ಸಹಿ ಸರಿ ಇತ್ತಲ್ರಿ,” ಎಂದರು ಬಾಯಾರು. “ಅದನ್ನ ಮುಟ್ಟಿಲ್ಲ.”